ಅಂಗಿಯ ಮೇಲಿನ ನೆರಳು

ಮೂವತ್ತು ವರ್ಷ ಚಿತ್ರಗಳ ನಡುವೆಯೇ ಬದುಕಿದ ಮನುಷ್ಯನದೊಂದು ಸರಿಯಾದ ಫೋಟೋ ಅವರ ಮನೆಯಲ್ಲಿ ಸಿಗಲಿಲ್ಲ. ಬೆಳಗಾವಿಯಿಂದ ಅವರ ಹೆಂಡತಿ ನನಗೆ ಫೋನ್ ಮಾಡಿದಾಗ ಅವರು ತೀರಿಕೊಂಡು ಐದು ದಿನವಾಗಿತ್ತು.

"ಗ್ವಾಡಿಗಿ ಹಾಕಾಕ ಒಂದು ಫೋಟೋ ಇಲ್ಲ ನೋಡವಾ. ಲಗ್ನದ ಫೋಟೋದಾಗ ಇಷ್ಟುದ್ದ ಮೀಸಿ, ಗುರುತ ಸಿಗೂದಿಲ್ಲ. ಆಧಾರ ಕಾರ್ಡಿನ್ಯಾಗ ಕಳ್ಳನ್ನ ಹಿಡದಂಗ ಕಾಣ್ತಾರ. ನಿನ್ನ ಹತ್ರ ಏನರ ಐತೇನು?"

ಇತ್ತು. ಗೋವಾದ ಝುವಾರಿನಗರದ ನಮ್ಮ ಓಣಿಯಲ್ಲಿ, ನಳದ ಪಕ್ಕ, ಬೋರಲು ಹಾಕಿದ ಕೊಡದ ಮೇಲೆ ಅವರು ಕೂತು ನಗುತ್ತಿರುವ ಫೋಟೋ. ಹೇಳಿದೆ.

"ಅದನ್ನ ಕಳಸು. ನಳ, ಗಟಾರ ಎಲ್ಲಾ ತಗದು ಕಳಸು. ಅದ ನಿನ್ನ ಕೆಲಸ ಅಲ್ಲೇನು?"

ಹೌದು, ಅದೇ ನನ್ನ ಕೆಲಸ. ಸಿನಿಮಾದವರು ತೆಗೆದ ದೃಶ್ಯಗಳಲ್ಲಿ ಇರಬಾರದ್ದನ್ನು ಅಳಿಸುವುದು, ಇರಬೇಕಾದದ್ದನ್ನು ತಂದಿಡುವುದು. ಕಲಿಸಿದವರು ಅವರೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಿನಿಮಾ ಮುಗಿದು ಹೆಸರುಗಳು ಮೇಲೇರತೊಡಗಿದರೆ ಅವರು ಎದ್ದು ಹೊರಡುತ್ತಿದ್ದರು. "ಹೆಸರು ಹಾಕಿದ್ರ ಜನ ಕೆಲಸ ಹುಡುಕತಾರ. ಹುಡುಕಿದ್ರ ತಪ್ಪು ಕಾಣತಾವ. ಎದಕ್ಕ ಬೇಕು?" ಎನ್ನುತ್ತಿದ್ದರು.

ನಾನು ಯಾರೆಂದು ಹೇಳದಿದ್ದರೆ ಅವರು ಯಾರೆಂಬುದು ತಿಳಿಯುವುದಿಲ್ಲ. ಅಪ್ಪ ವಿಜಯಪುರದ ಕಡೆಯಿಂದ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಬಂದವನು. ಅವ್ವ ವಾಸ್ಕೋದ ಫ್ಲ್ಯಾಟುಗಳಲ್ಲಿ ನೆಲ ಒರೆಸುತ್ತಿದ್ದಳು. ಒಂದೂವರೆ ಕೋಣೆಯ ಮನೆಯಲ್ಲಿ ಓದಿ ನಾನು ಡಿಗ್ರಿ ಮುಗಿಸಿದೆ. ಅಪ್ಪನ ಕಡೆಯಲ್ಲೂ ಅವ್ವನ ಕಡೆಯಲ್ಲೂ ನನಗಿಂತ ಮೊದಲು ಯಾರೂ ಮುಗಿಸಿದವರಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಸಿಕ್ಕಿದ್ದಲ್ಲ. ಡಿಗ್ರಿಯ ಮೇಲೊಂದು ಕಂಪ್ಯೂಟರ್ ಕೋರ್ಸ್ ಮಾಡಿ, ಮಡಗಾಂವಿನ ಒಂದು ಸಣ್ಣ ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಮೂರು ತಿಂಗಳ ಪರೀಕ್ಷೆಯ ಮೇಲೆ ಕೆಲಸಕ್ಕೆ ಸೇರಿದೆ.

"ಏನ್ ಕೆಲಸ ಅಲ್ಲಿ?" ಎಂದು ಅವ್ವ ಕೇಳಿದಳು.

"ಅಳಸೂದು."

"ಹದಿನೈದು ವರ್ಷ ಸಾಲಿಗಿ ಹೋಗಿ ಅಳಸೂದು? ನಾನೂ ಅದನ್ನ ಮಾಡತೇನಲ್ಲವಾ, ಸಾಲಿಗಿ ಹೋಗಲಾರದ?"

ಅಪ್ಪ ನಗಲಿಲ್ಲ. "ಮೂರು ತಿಂಗಳ ನೋಡತೇನಿ. ಕಾಯಂ ಮಾಡಲಿಲ್ಲಂದ್ರ ವೆರ್ಣಾದ್ದು ಕಂಪನಿ ಬಸ್ಸು ಹತ್ತು. ಬಾಜೂಮನಿ ಹುಡುಗ್ಯಾರು ಹೋಗವಲ್ರೇನು?" ಎಂದ. ಆ ಹುಡುಗಿಯರು ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ನಾನು ಓದಬೇಕಾಗಿರಲಿಲ್ಲ.

ಸ್ಟುಡಿಯೋ ಎಂದರೆ ಒಂದು ಬೇಕರಿಯ ಮೇಲಿನ ಮಹಡಿ. ಕಿಟಕಿಗೆಲ್ಲ ಕಪ್ಪು ಪರದೆ. ಒಳಗೆ ಕಾಲಿಟ್ಟ ದಿನ ಕೆಳಗಿನಿಂದ ಬರುವ ಪಾವ್ ಬ್ರೆಡ್ಡಿನ ವಾಸನೆಯ ಜೊತೆ ಇನ್ನೊಂದು ಸುಟ್ಟ ವಾಸನೆ ಬಂತು. ಮೂಲೆಯ ಮೇಜಿನಲ್ಲಿ ಐವತ್ತರ ಆಸುಪಾಸಿನವರೊಬ್ಬರು ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ, ಬಿಸಿ ಸಲಾಕೆಯಿಂದ ಒಂದು ಹಸಿರು ಹಲಗೆಗೆ ತಂತಿ ಬೆಸೆಯುತ್ತಿದ್ದರು. ಮೇಜಿನ ತುಂಬ ಬೆಳಗಾವಿಯ ಮಿಠಾಯಿ ಕುಂದಾದ ಡಬ್ಬಿಗಳು. ಅವುಗಳಲ್ಲಿ ಕುಂದಾ ಇರಲಿಲ್ಲ. ಸ್ಕ್ರೂ, ಸಣ್ಣ ದೀಪ, ಆಟಿಕೆಗಳಿಂದ ಕಿತ್ತ ಮೋಟಾರು, ಸತ್ತ ರೇಡಿಯೋಗಳ ಕರುಳು ಇದ್ದವು.

"ಯಾವೂರವಾ?" ಎಂದರು, ತಲೆ ಎತ್ತದೆ. ಹೇಳಿದೆ. "ಹಂಗಾರ ಕನ್ನಡದಾಗ ಬೈಬಹುದು. ಚಲೋ ಆತು. ಇಷ್ಟು ವರ್ಷ ಹಿಂದ್ಯಾಗ ಬೈದು ಬಾಯಿ ಕೆಟ್ಟೈತಿ."

ಅವರದು ಬೆಳಗಾವಿಯ ಅರಿವೆ ವ್ಯಾಪಾರದ ಮನೆತನ. ಮಡಗಾಂವಿನಲ್ಲೂ ಅಂಗಡಿ ಇತ್ತು. ಗಲ್ಲಾ ಮೇಲೆ ಕೂಡಿಸಿದರೆ ಗಿರಾಕಿ ನಡೆದು ಬರುವ ರೀತಿಯನ್ನು ಬಿಲ್ಲಿನ ಹಿಂಬದಿಯಲ್ಲಿ ಚಿತ್ರಿಸುತ್ತಿದ್ದರಂತೆ. ಅಣ್ಣಂದಿರು ಬೇಸತ್ತು ಬಿಟ್ಟುಬಿಟ್ಟರು. ಹಾಗೆ ಇವರು ಅನಿಮೇಟರ್ ಆದರು.

ಅವರಿಗೊಂದು ನೇಮವಿತ್ತು. ಹೊಸ ಶಾಟ್ ಬಂದರೆ ಯಾರೂ ತಕ್ಷಣ ಕೆಲಸ ಶುರುಮಾಡುವಂತಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು ಆ ಶಾಟನ್ನು ಹತ್ತು ಸಲ ನೋಡಬೇಕು. "ಕೈಗೆ ಗಡಬಡಿ ಇರತೈತಿ, ಕಣ್ಣಿಗೆ ಇರಂಗಿಲ್ಲ. ಕೈ ಕಟ್ಟಿಹಾಕು," ಎನ್ನುವರು. ಅಳಿಸಬೇಕಾದ ವಸ್ತುವನ್ನು ಕೊನೆಗೆ ನೋಡಬೇಕು, ಮೊದಲು ಅದರ ನೆರಳು ಎಲ್ಲಿ ಬಿದ್ದಿದೆ ನೋಡಬೇಕು. ವಸ್ತು ತಾನಾಗಿ ಕಣ್ಣಿಗೆ ಬೀಳುತ್ತದೆ, ನೆರಳು ಬೀಳುವುದಿಲ್ಲ.

ಒಮ್ಮೆ ಒಂದು ಕಾಗೆ ಹಾರಿಸುವ ಕೆಲಸ ಬಂತು. ಐದಾರು ಸೆಕೆಂಡಿನ ಕಾಗೆ. ಅದಕ್ಕಾಗಿ ಒಂದು ವಾರ ಮೀನು ಮಾರುಕಟ್ಟೆಯ ಹಿಂದೆ ನಿಂತು ಬಂದರು. ಅಂಗಿಯ ಮೇಲೆ ಕಾಗೆಯ ಗುರುತುಗಳನ್ನೂ ತಂದರು. ಎಂಟನೆಯ ದಿನ ಕುರ್ಚಿಯ ಮೇಲೆ ಏರಿ, ಮೊಣಕಾಲು ಬಗ್ಗಿಸಿ, ತೋಳು ಮೈಗೊತ್ತಿ ನಮಗೆ ತೋರಿಸಿದರು: "ಹಾರೂ ಮೊದಲ ಕಾಗಿ ಒಂದೀಟು ಕುಕ್ಕರಸತೈತಿ. ಆ ಕುಕ್ಕರಸೂದು ಹಾಕಲಿಲ್ಲಂದ್ರ ಅದು ಕಾಗಿ ಅಲ್ಲ, ಒಗದ ಅರಿವಿ." ಕುರ್ಚಿಗೆ ಗಾಲಿ ಇದ್ದವು. ಮುಂದಿನದನ್ನು ಹೇಳುವುದು ಬೇಡ. ಮೊಣಕಾಲಿನ ಎಕ್ಸ್‌ರೇ ತೆಗೆಸಬೇಕಾಯಿತು.

ಎಲೆಕ್ಟ್ರಾನಿಕ್ಸ್ ಅವರ ಹುಚ್ಚು. ಯಾಕೆ ಸರ್ ಇದೆಲ್ಲ ಎಂದು ಕೇಳಿದ್ದಕ್ಕೆ, "ಹಗಲೆಲ್ಲಾ ಯಾರಿಗೂ ಗೊತ್ತಾಗದಂಗ ಕೆಲಸ ಮಾಡತೀವಿ. ಮನಿಗಿ ಹೋದಮ್ಯಾಲೆ ಏನರ ಒಂದು ಒದರಲಿ ಬಿಡವಾ," ಎಂದರು. ಅವರು ಮಾಡಿದ್ದೆಲ್ಲ ನಿಜಕ್ಕೂ ಒದರುತ್ತಿತ್ತು, ಬಡಿಯುತ್ತಿತ್ತು, ಮಿಣುಕುತ್ತಿತ್ತು. ನಮ್ಮ ಕಣ್ಣಿನ ಕಾಳಜಿಗೆಂದು ಹಳೆಯ ಸಿಡಿ ಡ್ರೈವಿನ ಮೋಟಾರಿಗೆ ಒಂದು ಕಟ್ಟಿಗೆಯ ಬೆರಳು ಜೋಡಿಸಿದ್ದರು. ಮುಕ್ಕಾಲು ತಾಸಿಗೊಮ್ಮೆ ಅದು ಮೇಜನ್ನು ಟಕ್ ಟಕ್ ಎಂದು ಬಡಿಯುತ್ತಿತ್ತು. ಬಡಿದಾಗ ಎಲ್ಲರೂ ಪರದೆ ಸರಿಸಿ ದೂರದ ತೆಂಗಿನ ಮರ ನೋಡಬೇಕು. ಸೊಸೆಯನ್ನು ಎಬ್ಬಿಸುವ ಅತ್ತೆಯಂತಿದ್ದ ಆ ಬೆರಳಿಗೆ ನಾವು 'ಅತ್ತಿ' ಎಂದು ಹೆಸರಿಟ್ಟಿದ್ದೆವು. "ಅತ್ತಿ ಎಬ್ಬಿಸಿದಳು, ಏಳ್ರಿ," ಎಂದು ಎದ್ದು ಹೋಗುತ್ತಿದ್ದೆವು.

ಅವರ ಮನೆಯಲ್ಲಿ ಈ ಹುಚ್ಚಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಒಮ್ಮೆ ಮಿಕ್ಸರ್ ಬಿಚ್ಚಿ ಅದರ ಮೋಟಾರಿನಿಂದ ಇನ್ನೇನನ್ನೋ ಮಾಡಿದರು. ಎರಡು ತಿಂಗಳು ಅವರ ಹೆಂಡತಿ ಪಕ್ಕದ ಮನೆಗೆ ಹೋಗಿ ಚಟ್ನಿ ರುಬ್ಬಿಕೊಂಡು ಬಂದರು. "ಇವರ ಕೈಯಾಗ ಒಂದು ವಸ್ತು ಕೊಟ್ರ ಎರಡಾಗಿ ಬರತೈತಿ, ಎರಡೂ ನಡಿಯೂದಿಲ್ಲ," ಎಂದು ನಮ್ಮೆದುರೇ ಹೇಳಿದರು. ಇವರು ತಲೆ ತಗ್ಗಿಸಿ ಭಜಿ ತಿನ್ನುತ್ತಿದ್ದರು.

ನಾವು ಕೆಲಸ ಮಾಡಿದ ಒಂದು ಸಿನಿಮಾಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿದ್ದರು. ನಮ್ಮ ಶಾಟ್ ಬಂದಾಗ ಅವರು ತೆರೆಯ ಕಡೆ ನೋಡಲೇ ಇಲ್ಲ. ಹಿಂದಕ್ಕೆ ತಿರುಗಿ ಕೂತು ಪ್ರೇಕ್ಷಕರ ಮುಖ ನೋಡಿದರು. ಒಬ್ಬ ಪಾಪ್‌ಕಾರ್ನ್ ತಿನ್ನುತ್ತಿದ್ದ, ಇನ್ನೊಬ್ಬ ಆಕಳಿಸಿದ. ಮುಂದಕ್ಕೆ ತಿರುಗಿ ಪಿಸುಗುಟ್ಟಿದರು: "ಯಾರಿಗೂ ಗೊತ್ತಾಗಲಿಲ್ಲ. ಪಾಸಾದ್ವಿ."

ಇನ್ನು ನನ್ನ ತಪ್ಪಿನ ಮಾತು.

ಸೇರಿ ಎರಡು ತಿಂಗಳಾಗಿತ್ತು. ನಾಯಕ ಕೋಟೆಯ ಗೋಡೆಯಿಂದ ಜಿಗಿಯುವ ಶಾಟ್ ನನಗೆ ಬಂತು. ಬೀಳದಂತೆ ಅವನ ಸೊಂಟಕ್ಕೆ ಎರಡು ತಂತಿ ಕಟ್ಟಿದ್ದರು. ಅವನ್ನು ಒಂದೊಂದೇ ಫ್ರೇಮಿನಲ್ಲಿ ಅಳಿಸಬೇಕು. ನಾಲ್ಕು ದಿನ ಕೂತು ಅಳಿಸಿದೆ. ನೂಲೆಳೆಯಷ್ಟೂ ಉಳಿಯಲಿಲ್ಲ. ಅವರಿಗೆ ತೋರಿಸಿದೆ. ಆ ಹೊತ್ತಿಗೆ ಅವರು ಹೊಸದಾಗಿ ಬಂದ ಯಾವುದೋ ಚಿಪ್ಪನ್ನು ಬೆಸೆಯುತ್ತಿದ್ದರು. ಕೈಯಲ್ಲಿ ಬಿಸಿ ಸಲಾಕೆ ಹಿಡಿದೇ ಒಮ್ಮೆ ನೋಡಿ, "ಕಳಸು," ಎಂದರು.

ಮೂರನೆಯ ದಿನ ಮುಂಬೈಯ ಸಿನಿಮಾ ಕಂಪನಿಯಿಂದ ಶಾಟ್ ವಾಪಸು ಬಂತು. ಕೋಟೆಯ ಗೋಡೆಯ ಮೇಲೆ ಕೆಂಪು ಗೆರೆ ಎಳೆದಿದ್ದರು. ಇಳಿಬಿಸಿಲಿನಲ್ಲಿ ನಾಯಕನ ನೆರಳು ಗೋಡೆಯುದ್ದಕ್ಕೂ ಜಾರುತ್ತಿತ್ತು. ಅದರ ಸೊಂಟದಿಂದ ಎರಡು ತಂತಿಗಳ ನೆರಳು ನೆಟ್ಟಗೆ ಮೇಲಕ್ಕೆ ಹೋಗಿತ್ತು. ನಾಯಕನಿಗೆ ತಂತಿ ಇಲ್ಲ, ಅವನ ನೆರಳಿಗೆ ಇದೆ.

ಸ್ಟುಡಿಯೋದ ಯಜಮಾನರು ಇಬ್ಬರನ್ನೂ ಒಳಗೆ ಕರೆದರು. ನಮ್ಮ ಸರ್ ನನ್ನನ್ನು ಉಳಿಸಿಕೊಳ್ಳುತ್ತಾರೆ, ತಪ್ಪು ತಮ್ಮದೆನ್ನುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು: ನೆರಳು ಬಿಟ್ಟದ್ದು ಇವಳ ತಪ್ಪು, ಕೂತು ನೋಡದೆ ಪಾಸು ಮಾಡಿದ್ದು ನನ್ನ ತಪ್ಪು, ಎರಡನ್ನೂ ಬರೆದುಕೊಳ್ಳಿ. ತಿಂಗಳ ಕೊನೆಗೆ ಶಾಟ್ ಸರಿಮಾಡಿ ಕೊಡಬೇಕು, ಈ ಹುಡುಗಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅದನ್ನು ನೋಡಿ ಹೇಳುತ್ತೇನೆ ಎಂದರು ಯಜಮಾನರು. "ಹಾಗಾದರೆ ಶಾಟನ್ನು ಇವಳೇ ಮಾಡಲಿ," ಎಂದು ಇವರು ಎದ್ದರು.

ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಬಂದು ಎರಡು ಮೆಟ್ಟಿಲು ಕೆಳಗೆ ಕೂತರು.

"ಅಳಬ್ಯಾಡ ಅನ್ನಂಗಿಲ್ಲ. ಅಳು. ಅತ್ತು ಮುಗದಮ್ಯಾಲ ಹೇಳು, ಯಾಕ ಕಾಣಲಿಲ್ಲ?"

"ನೀವೊಂದು ಮಾತು ನಿಮ್ಮ ಮ್ಯಾಲ ಹಾಕ್ಕೊಂಡಿದ್ರ..."

"ಹಾಕ್ಕೊಂಡಿದ್ರ ನೀ ಮುಂದಿನ ಸಲಾನೂ ನೆರಳು ಬಿಡತಿದ್ದಿ. ಯಾಕ ಕಾಣಲಿಲ್ಲ, ಅದನ್ನ ಹೇಳು."

"ನಿದ್ದಿ ಸರ್."

ಹೇಳಿದೆ. ನಮ್ಮ ಓಣಿಗೆಲ್ಲ ಒಂದೇ ನಳ. ನಡುರಾತ್ರಿಯಿಂದ ಮಧ್ಯಾಹ್ನದವರೆಗೆ ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಬಂದರೆ ಅರ್ಧ ತಾಸು. ಅದಕ್ಕೆ ಅವ್ವ ಮತ್ತು ನಾನು ಪಾಳಿಯ ಮೇಲೆ ನಳ ಕಾಯುತ್ತಿದ್ದೆವು. ಅವ್ವನ ಸೊಂಟ ನೋಯುತ್ತಿದ್ದುದರಿಂದ ಆ ತಿಂಗಳು ಕೆಲಸಕ್ಕೆ ಹೊರಡುವವರೆಗಿನ ಪಾಳಿಯೆಲ್ಲ ನನ್ನದೇ ಆಗಿತ್ತು. ಕೈ ತೊಡೆಯ ಮೇಲಿಟ್ಟು ಕೂತರೆ ಕಣ್ಣು ಮುಚ್ಚುತ್ತಿದ್ದವು.

ಅಯ್ಯೋ ಪಾಪ ಎನ್ನುತ್ತಾರೆಂದು ಕಾದೆ. "ನಳದ ಬಾಯಿ ಎಷ್ಟು ದಪ್ಪ?" ಎಂದರು. ಆಮೇಲೆ ಎದ್ದು ಪ್ಯಾಂಟು ಝಾಡಿಸಿಕೊಂಡು, "ಆ ಶಾಟ್ ಈಗ ಮುಟ್ಟಬ್ಯಾಡ. ಮೊದಲ ನೀರು, ಆಮ್ಯಾಲ ನಿದ್ದಿ, ಆಮ್ಯಾಲ ನೆರಳು," ಎಂದು ಒಳಗೆ ಹೋದರು.

ಎರಡು ದಿನದಲ್ಲಿ ಒಂದು ಸಾಬೂನು ಡಬ್ಬಿ ತಂದುಕೊಟ್ಟರು. ಒಳಗೆ ಬ್ಯಾಟರಿ ಮತ್ತು ಕೂಗುವ ಗುಂಡಿ, ಹೊರಗೆ ಎರಡು ತಂತಿ. ನಳವನ್ನು ತೆರೆದಿಟ್ಟು ತಂತಿಗಳನ್ನು ಅದರ ಬಾಯಿಗೆ ಕಟ್ಟಬೇಕು. ನೀರು ಎರಡಕ್ಕೂ ತಾಗಿದರೆ ಡಬ್ಬಿ ಕೂಗುತ್ತದೆ, ಮನೆಯಲ್ಲಿ ಮಲಗಿದವರು ಎದ್ದು ಬರಬಹುದು. ನಾನು ಓಣಿಯವರಿಗೆಲ್ಲ ದೊಡ್ಡದಾಗಿ ಹೇಳಿದೆ.

ಆದರೆ ಅದು ಗೋವಾದ ಮಳೆಗಾಲ. ಮರುದಿನವೇ ಡಬ್ಬಿ ಕೂಗಿತು. ಓಣಿಯೆಲ್ಲ ಕೊಡ ಹಿಡಿದು ಓಡಿ ಬಂತು. ನಳದಲ್ಲಿ ಹನಿ ಇಲ್ಲ. ಇರಚಲು ಬಡಿದು ತಂತಿಗಳು ಒದ್ದೆಯಾಗಿದ್ದವು. ಕೊಡ ಇಡುವುದರೊಳಗೆ ಮತ್ತೆ ಕೂಗಿತು. ಬಾಜೂಮನಿಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, "ನಿನ್ನ ಡಿಗ್ರಿ ಬಂದು ನೀರಂತೂ ತರಲಿಲ್ಲ, ಇದ್ದ ನಿದ್ದಿನೂ ಒಯ್ತು ನೋಡವಾ," ಎಂದಳು. ಹತ್ತು ಜನ ನಕ್ಕರು. ತಿಂಗಳು ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಶಾಟಿಗೆ ನಾನಿನ್ನೂ ಕೈ ಹಚ್ಚಿರಲಿಲ್ಲ.

ಇದನ್ನು ಸರ್‌ಗೆ ಹೇಳಿದಾಗ ಅವರಿಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು. "ಖರೇನ? ಮಳಿಗೂ ಒದರತು?" ಎಂದು ಎರಡು ಸಲ ಕೇಳಿದರು. ರವಿವಾರ ಸ್ಕೂಟರಿನ ಮೇಲೆ ನಮ್ಮ ಓಣಿಗೆ ಬಂದರು. ನಮ್ಮ ಮನೆಗೆ ಸ್ಟುಡಿಯೋದವರು ಬಂದದ್ದು ಅದೇ ಮೊದಲು. ಅಪ್ಪ ಹೊಸ ಅಂಗಿ ಹಾಕಿಕೊಂಡ. ಅವರು ಮನೆಯೊಳಗೆ ಬರಲೇ ಇಲ್ಲ. ಒಂದು ಕೊಡ ಬೋರಲು ಹಾಕಿ, ಅದರ ಮೇಲೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟು ಖಾಲಿ ನಳವನ್ನು ನೋಡತೊಡಗಿದರು. ಒಂದು ತಾಸಾಯಿತು.

"ನಿಮ್ಮ ಸಾಹೇಬ್ರಿಗೆ ಆರಾಮ ಐತಿಲ್ಲೋ?" ಎಂದು ಅವ್ವ ನನ್ನ ಕಿವಿಯಲ್ಲಿ ಕೇಳಿದಳು. ಆಮೇಲೆ ಚಹಾ ಕೊಡುತ್ತ ಅವರನ್ನೇ ಕೇಳಿದಳು: "ಮಾಸ್ತರ್ರ, ಅದನ್ನೇನ್ ನೋಡತೀರಿ? ನಳ ನೋಡೂದಲ್ರಿ, ಕೇಳೂದು."

"ಕೇಳೂದು?"

"ನೀರ ಬರೂ ಮೊದಲ ಅದು ಉಸುರು ಬಿಡತೈತ್ರಿ. ಫುಸ್ ಅಂತ. ಅದನ್ನ ಕೇಳಿ ನಾವು ಕೊಡ ತರೂದು. ನೀರ ಬಿದ್ದ ಸಪ್ಪಳಕ್ಕ ಎದ್ರ ಪಾಳಿ ಹೋಗಿರತೈತಿ."

ಅವರು ಚಹಾದ ಲೋಟ ನೆಲಕ್ಕಿಟ್ಟರು. "ಎಷ್ಟೊತ್ತು ಬಿಡತೈತ್ರಿ ಉಸುರು?"

ಅವ್ವ ಯೋಚಿಸಿದಳು. "ಒಂದು ಎಲಿ ಅಡಿಕಿ ಮಡಚೂವಷ್ಟು."

ಅವರು ನನ್ನ ಕಡೆ ತಿರುಗಿದಾಗಿನ ಮುಖ ಇನ್ನೂ ನೆನಪಿದೆ. "ಕಾಗಿ ಕುಕ್ಕರಸಿದಂಗ," ಎಂದರು. "ಒಂದು ವಾರ ಮೀನ ಬಜಾರದಾಗ ನಿಂತು ನಾ ಕಲ್ತದ್ದು ನಿಮ್ಮವ್ವಗ ಮನೀ ಮುಂದಿನ ನಳ ಕಲಿಸೇತಿ. ಮತ್ತ ನೀ ಯಾಕ ಇಷ್ಟು ದಡ್ಡಿ?"

"ಆಕಿ ಸಣ್ಣಕಿದ್ದಾಗಿಂದ ಓದಕೋತ ಕುಂತಳ್ರಿ," ಎಂದಳು ಅವ್ವ. "ಎಲ್ಲಿ ಕೇಳಬೇಕು."

ಮುಂದಿನ ರವಿವಾರ ಎರಡನೆಯ ಡಬ್ಬಿ ಬಂತು. ಈ ಸಲ ನಳದ ಬಾಯಿಗೆ ಒಂದು ತೆಳು ರೆಕ್ಕೆ ತೂಗುಬಿಟ್ಟಿದ್ದರು. ಗಾಳಿ ತಳ್ಳಿದರೆ ರೆಕ್ಕೆ ಏಳುತ್ತದೆ, ಅದಕ್ಕೆ ಅಂಟಿಸಿದ ಸಣ್ಣ ಅಯಸ್ಕಾಂತ ಸರಿಯುತ್ತದೆ, ಡಬ್ಬಿ ಕೂಗುತ್ತದೆ. ಮಳೆ ತಾಗದಂತೆ ಮೇಲೊಂದು ಪ್ಲಾಸ್ಟಿಕ್ ಬಾಟಲಿಯ ಚಪ್ಪರ. ಆ ರೆಕ್ಕೆಯನ್ನು ತಮ್ಮ ಮೊಣಕಾಲಿನ ಎಕ್ಸ್‌ರೇ ಹಾಳೆಯಿಂದಲೇ ಕತ್ತರಿಸಿದ್ದರು. "ಈ ಮೊಣಕಾಲು ಒಂದು ಕೆಲಸಕ್ಕರ ಬಂತು," ಎಂದರು.

ಓಣಿಯವರು ನಗಲು ಸಿದ್ಧರಾಗಿ ನಿಂತಿದ್ದರು. ಎರಡು ಮಳೆಗಳ ನಡುವಿನ ಶ್ರಾವಣದ ಬಿಸಿಲು ಬಿದ್ದಿತ್ತು. ಹತ್ತರ ಸುಮಾರಿಗೆ ಡಬ್ಬಿ ಕೂಗಿತು. ನಳದಲ್ಲಿ ನೀರಿಲ್ಲ. ಅಜ್ಜಿ ಬಾಯಿ ತೆರೆದಳು. ಅವಳು ಮಾತು ಆಡುವ ಮೊದಲೇ ನಳ ಕೆಮ್ಮಿ, ಕಂದು ನೀರು ಕಾರಿ, ಧಾರೆ ಬಿಟ್ಟಿತು. ಅಷ್ಟರಲ್ಲಿ ಅವ್ವ ಕೊಡ ಹೊತ್ತು ಬಂದು ನಿಂತಾಗಿತ್ತು. ಅವರು ಹೋದ ವಾರದಂತೆ ಬೋರಲು ಹಾಕಿದ ಕೊಡದ ಮೇಲೆ ಕೂತೇ ನಕ್ಕರು. ಆಗ ನಾನು ಮೊಬೈಲಿನಲ್ಲಿ ಆ ಫೋಟೋ ತೆಗೆದೆ. ಫೋಟೋ ಎಂದರೆ ಪಕ್ಕಕ್ಕೆ ಸರಿಯುವ ಅವರಿಗೆ ಆಗ ಸರಿಯಲು ಸಮಯ ಸಿಗಲಿಲ್ಲ.

ಆ ವಾರ ನಾನು ನಿದ್ದೆ ಮಾಡಿದೆ. ಗುರುವಾರ ಆ ಶಾಟ್ ತೆರೆದು, ಕೈ ತೊಡೆಯ ಮೇಲಿಟ್ಟು ನೋಡಿದೆ. ಆರನೆಯ ಸಲ ಕೋಟೆಯ ಬುಡದಲ್ಲಿ ನಿಂತ ಮಳೆನೀರು ಕಂಡಿತು. ಅದರೊಳಗೆ ಕೂದಲಿನಂಥ ಎರಡು ಗೆರೆ. ತಂತಿಗಳ ಪ್ರತಿಬಿಂಬ. ಮುಂಬೈಯವರಿಗೂ ಅದು ಕಂಡಿರಲಿಲ್ಲ. ಗೋಡೆಯ ನೆರಳನ್ನೂ ನೀರಿನ ಗೆರೆಯನ್ನೂ ತೆಗೆದೆ. ಈ ಸಲ ಅವರು ಸಲಾಕೆಯನ್ನು ಆರಿಸಿ, ಹತ್ತು ಸಲ ನೋಡಿದರು. ಯಜಮಾನರನ್ನು ಕರೆದು ತಂದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ತೋರಿಸಿ, ನೀರಿನ ಮೇಲೆ ಬೆರಳಿಟ್ಟರು.

ತಿಂಗಳ ಕೊನೆಗೆ ಕಾಯಂ ಆದೇಶ ಬಂತು. ಅಪ್ಪ ವೆರ್ಣಾ ಬಸ್ಸಿನ ಮಾತನ್ನು ಮತ್ತೆ ಎತ್ತಲಿಲ್ಲ. ತನ್ನ ಜೊತೆಯ ಗೌಂಡಿಗಳಿಗೆ, "ನಮ್ಮ ಹುಡುಗಿ ನೀರಾಗಿನ ನೆಳ್ಳು ಒರಸ್ತಾಳ. ನಿಮ್ಮವ್ರು ಯಾರರ ಒರಸ್ತಾರೇನು?" ಎಂದು ಕೇಳುತ್ತಿದ್ದನಂತೆ.

ಅದಾಗಿ ವರ್ಷಗಳಾದವು. ಕಣ್ಣು ಮಂಜಾಗತೊಡಗಿದಾಗ ಅವರು ಯಾರೂ ಹೇಳುವ ಮೊದಲೇ ಕೆಲಸ ಬಿಟ್ಟು ಬೆಳಗಾವಿಗೆ ಹೋದರು. 'ಅತ್ತಿ'ಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ಈಗ ಹೊಸಬರಿಗೆ ಕೈ ತೊಡೆಯ ಮೇಲಿಡಲು ಹೇಳುವವಳು ನಾನು. ಬೈಯುವುದು ಮಾತ್ರ ಹಿಂದಿಯಲ್ಲಿ. ಓಣಿಯ ನಳದ ರೆಕ್ಕೆಯನ್ನು ಮೂರು ಸಲ ಬದಲಿಸಿದ್ದೇವೆ. ಸಾಬೂನು ಡಬ್ಬಿ ಅದೇ ಇದೆ.

ಆ ಫೋಟೋ ತೆರೆದು ಮೊದಲು ಸುಮ್ಮನೆ ನೋಡಿದೆ. ಆಮೇಲೆ ಗಟಾರ ತೆಗೆದೆ. ಅಜ್ಜಿಯ ಮನೆಯ ಮುಂದೆ ಒಣಹಾಕಿದ ಅರಿವೆ ತೆಗೆದೆ. ನಳ, ಡಬ್ಬಿ, ಕೂತ ಕೊಡ ತೆಗೆದೆ. ಹಿಂದೆ ಒಂದು ತಿಳಿನೀಲಿ ಬಣ್ಣ ಹರಡಿದೆ. ಕೊನೆಗೆ ಉಳಿದದ್ದು ಬಿಳಿ ಅಂಗಿಯ ಮೇಲಿನ ನೆರಳು. ಕೊಡ ಹೊತ್ತು ಪಕ್ಕದಲ್ಲಿ ನಿಂತಿದ್ದ ಅವ್ವ ಫೋಟೋದಲ್ಲಿ ಬಂದಿರಲಿಲ್ಲ, ಅವಳ ನೆರಳು ಬಂದಿತ್ತು. ಎಡ ಹೆಗಲಿನಿಂದ ಜೇಬಿನವರೆಗೆ. ಅಳಿಸುವುದು ಐದು ನಿಮಿಷದ ಕೆಲಸ. ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹಾಗೇ ಕಳಿಸಿದೆ.

ಅವರ ಹೆಂಡತಿ ಸಂಜೆ ಫೋನ್ ಮಾಡಿದರು. "ಭಾಳ ಚಲೋ ಬಂದೈತಿ. ಅಂಗಿ ಮ್ಯಾಲ ಏನೋ ಮಬ್ಬು ಐತಲ್ಲ?"

"ನಮ್ಮವ್ವನ ನೆರಳ್ರಿ ಅದು. ಬ್ಯಾಡಂದ್ರ ತಗೀತೇನ್ರಿ."

"ನಳ ಉಸುರು ಬಿಡತೈತಿ ಅಂದಾಕಿ ಏನು?"

"ಹೌದ್ರಿ."

"ಇರ್ಲಿ ಬಿಡು. ಬಂದವ್ರಿಗೆಲ್ಲಾ ಆಕಿ ಸುದ್ದಿ ಹೇಳಿ ಹೇಳಿ ನನ್ನ ತಲಿ ತಿಂದಿದ್ರು."

ಫೋಟೋವನ್ನು ಅವ್ವನಿಗೆ ತೋರಿಸಿದೆ. ಅವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. "ನಳ ಎಲ್ಲಿ?"

"ಅಳಸಿದೆ."

"ಕೊಡಾ?"

"ಅದನ್ನೂ."

"ಏನೂ ಗೊತ್ತಾಗೂದಿಲ್ಲಲ್ಲ," ಎಂದಳು. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ಆಮೇಲೆ ಬೆರಳನ್ನು ಅಂಗಿಯ ಮೇಲಿಟ್ಟಳು. "ಇಲ್ಲಿ ನೆಳ್ಳು ಉಳದೈತಿ ನೋಡು. ನಿಮ್ಮ ಮಾಸ್ತರ್ರು ಇದ್ದಿದ್ರ ಬೈತಿದ್ರು."

"ಅದು ನಿಂದವಾ."

ಅವಳು ಇನ್ನೊಮ್ಮೆ ನೋಡಿದಳು. ಸೊಂಟದ ಮೇಲೆ ಕೊಡದ ದುಂಡು ಕಂಡಿರಬೇಕು.

"ಹಂಗಾರ ಬೈತಿದ್ದಿಲ್ಲ," ಎಂದಳು.